ಎಂಟು ಕುಂಡಗಳಿಗೆ ಒಂದು ಏಸಿ

ನನ್ನ ಭಾವ ಹುಚ್ಚರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಮುಂದಿನದನ್ನು ಓದಿದ ಮೇಲೆ ನೀವು ನಂಬಲಾರಿರಿ.

ಕೊಲ್ಲಿನಾಡಿನ ಸಲ್ವಾದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಇದ್ದದ್ದು ಒಂದೇ ಏಸಿ. ಹೊರಗೆ ಕಾಗೆಯೂ ಹಾರಲು ಹೆದರುವಂಥ ಬಿಸಿಲು. ಆ ಏಸಿಯ ಕೋಣೆಯಲ್ಲಿ ಯಾರಿದ್ದರೆಂದು ಬಲ್ಲಿರಾ? ಎಂಟು ಕುಂಡಗಳು! ಭಾವ ಮತ್ತು ನಾನು ಇನ್ನೊಂದು ಕೋಣೆಯಲ್ಲಿ, ಫ್ಯಾನಿನ ಬಿಸಿಗಾಳಿಗೆ ಮೈಯೊಡ್ಡಿ ಬೇಯುತ್ತಿದ್ದೆವು. ಭಾವ ಶುವೈಖ್‌ನ ಗೋದಾಮೊಂದರಲ್ಲಿ ಸ್ಟೋರ್‌ಕೀಪರು. ಪ್ರತಿ ಕುಂಡಕ್ಕೂ ಬಿಡಿಭಾಗದಂತೆ ನಂಬರಿನ ಚೀಟಿ ಅಂಟಿಸಿದ್ದರು.

ಕುಂಡದಲ್ಲಿದ್ದದ್ದು ನೆಲಸಂಪಿಗೆ, ಶುಂಠಿಯಂಥ ಗೆಡ್ಡೆ. ಅದಕ್ಕೂ ಆರು ವರ್ಷಗಳ ಹಿಂದೆ, ಮೊದಲ ರಜೆ ಮುಗಿಸಿ ಭಾವ ಊರಿನಿಂದ ಹೊರಟಾಗ, ನನ್ನ ಅಕ್ಕ ಅದನ್ನು ಕರ್ಚೀಫಿನಲ್ಲಿ ಕಟ್ಟಿಕೊಟ್ಟಿದ್ದಳು. ಅಲ್ಲಿಗೆ ಯಾವಾಗ ಬರುತ್ತೀ ಎಂದು ಭಾವ ಕೇಳಿದ್ದಕ್ಕೆ, "ಇದು ಆ ಮರಳಲ್ಲಿ ಹೂ ಬಿಡಲಿ, ಆಗ ನಾನೂ ಬರ್ತೇನೆ" ಎಂದಿದ್ದಳು. ಅವಳು ನಕ್ಕು ಹೇಳಿದ್ದನ್ನು ಇವರು ಶಾಸನವೆಂದು ಸ್ವೀಕರಿಸಿದರು. ನಲ್ಲಿಯ ನೀರು ಉಪ್ಪೆಂದು ಏಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟಿನಲ್ಲಿ ಹಿಡಿದು, ಸಂಧ್ಯಾವಂದನೆಯ ಶ್ರದ್ಧೆಯಿಂದ ಮೂರು ಹೊತ್ತೂ ಎರೆದರು. ಎಲೆ ಬಂತು, ಎಲೆ ಬಂತು, ಎಲೆಯೇ ಬಂತು.

ಒಮ್ಮೆ ಪಕ್ಕದ ಮನೆಯ ನರ್ಸ್ ಬಾಯಿ ಶುಂಠಿ ಕೇಳಿ ಬಂದರು. ಭಾವ ಕೆಲಸಕ್ಕೆ ಹೋಗಿದ್ದರು. ಅವರು ಕಿಟಕಿಯ ಬಳಿ ಇಟ್ಟಿದ್ದ ಗೆಡ್ಡೆಯನ್ನು ನಾನು ಶುಂಠಿಯೆಂದೇ ತಿಳಿದು ಉದಾರವಾಗಿ ಕೊಟ್ಟೆ. ಸಂಜೆ ವಿಷಯ ತಿಳಿದ ಭಾವ ಅವರ ಮನೆಗೆ ಓಡಿ, ಮೀನುಸಾರಿನಿಂದ ಉಳಿದ ತುಂಡನ್ನು ಎತ್ತಿ, ತೊಳೆದು ಮತ್ತೆ ನೆಟ್ಟರು. ಅದು ಚಿಗುರಲಿಲ್ಲ. ಮರುದಿನ ಅಡುಗೆಮನೆಯ ಶುಂಠಿಗೂ ಅವರು ಚೀಟಿ ಅಂಟಿಸಿದರು.

ತೊಂಬತ್ತರ ಆಗಸ್ಟಿನಲ್ಲಿ ನೆರೆದೇಶದ ಸೇನೆಯ ಟ್ಯಾಂಕುಗಳು ಬಂದವು. ಜನ ಚಿನ್ನವನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟರೆ ಭಾವ ಕುಂಡ ಹೊತ್ತು ಬಸ್ಸಿನ ಮುಂದೆ ನಿಂತರು. ಡ್ರೈವರು ಕುಂಡವನ್ನು ನೋಡಿದ, ಭಾವನನ್ನು ನೋಡಿದ, "ಖಲಾಸ್" ಎಂದ. ಅದನ್ನು ವಾಪಸು ಒಳಗೊಯ್ದು, ಎಂಟೂ ಕುಂಡಗಳಿಗೆ ಕೊನೆಯ ಬಾರಿ ನೀರೆರೆದು ಬೀಗ ಹಾಕಿದೆವು. ಬಾಗ್ದಾದಿನಿಂದ ಅಮ್ಮಾನಿನವರೆಗೂ ಆ ಬೀಗದ ಕೈ ಅವರ ಮುಷ್ಟಿಯಲ್ಲೇ ಇತ್ತು.

ಮಳೆಗಾಲ ಕಳೆದು ಡಿಸೆಂಬರಿನ ಹೊತ್ತಿಗೆ ಊರಿನಲ್ಲಿ ಅಕ್ಕನ ನೆಲಸಂಪಿಗೆ ಪಾತಿ ಬರಿದಾಗಿ ಬಿರುಕು ಬಿಟ್ಟಿತ್ತು. ಭಾವ ಗಾಬರಿಯಿಂದ ಕೊಡಪಾನ ತಂದರು.

"ನೀರು ಹಾಕ್ಬೇಡಿ. ಸತ್ತದ್ದಲ್ಲ ಅದು, ಮಲಗಿದ್ದು. ನಿದ್ದೆ ಆಗದೆ ಹೂ ಹೇಗೆ ಬರ್ತದೆ?" ಎಂದಳು ಅಕ್ಕ.

ಆರು ವರ್ಷ ಗಿಡವನ್ನು ನಿದ್ದೆಗೆಡಿಸಿದ ಮಹಾನುಭಾವರು ಕೊಡಪಾನದ ಪಕ್ಕದಲ್ಲೇ ಕುಳಿತುಬಿಟ್ಟರು.

ಮರುವರ್ಷ ಜೂನಿನಲ್ಲಿ ಕಂಪನಿ ಕರೆಯಿತೆಂದು ನಾವಿಬ್ಬರೂ ಮರಳಿದೆವು. ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಗಾಳಿ ಈ ಕಡೆ ತಿರುಗಿದರೆ ಮಧ್ಯಾಹ್ನಕ್ಕೇ ದೀಪ ಹಚ್ಚಬೇಕು. ಬಾಗಿಲು ಮುರಿದಿತ್ತು. ಏಸಿ, ಟಿ.ವಿ., ಕುಕ್ಕರು, ನನ್ನ ಎರಡು ಪ್ಯಾಂಟು ಯಾವುದೂ ಇರಲಿಲ್ಲ. ಎಂಟು ಕುಂಡಗಳು ಮಾತ್ರ ಇದ್ದಲ್ಲೇ ಇದ್ದವು. ಮಣ್ಣು ಕದಿಯುವಷ್ಟು ಕೆಳಮಟ್ಟಕ್ಕೆ ಕಳ್ಳರು ಇಳಿದಿರಲಿಲ್ಲ!

ಹತ್ತು ತಿಂಗಳು ಒಣಗಿದ ಮಣ್ಣಿಗೆ ಭಾವ ಅಳೆದು ಒಂದೊಂದೇ ಚೊಂಬು ನೀರು ಹಾಕಿದರು. ಮೂರನೆಯ ವಾರ, ನಾಲ್ಕನೆಯ ನಂಬರಿನ ಕುಂಡದಲ್ಲಿ, ಒಂದೆಲೆಯೂ ಇಲ್ಲದ ಬರಿಮಣ್ಣಿನಿಂದ ಬಿಳಿ-ನೇರಳೆ ಹೂವೊಂದು ಎದ್ದು ನಿಂತಿತ್ತು. ಕಮಟು ಹೊಗೆಯ ನಡುವೆಯೂ ಅದರ ಪರಿಮಳ!

ಅಂದೇ ಅಕ್ಕನಿಗೆ ಬರೆಯಿರಿ ಎಂದೆ. ಬರೆದರು. ಅಂಚೆಗೆ ಹಾಕೆಂದು ನನ್ನ ಕೈಗಿತ್ತರು. ಅಂಟಿಸದ ಕಾಗದವನ್ನು ಓದದೆ ಬಿಡುವಷ್ಟು ಸಭ್ಯ ನಾನಲ್ಲ.

"ಗಿಡ ಈ ಸಲವೂ ಹೂ ಬಿಟ್ಟಿಲ್ಲ. ಇಲ್ಲಿನ ಮಣ್ಣು ಸರಿಯಿಲ್ಲ" ಎಂದಿತ್ತು.

ಇದೆಂಥ ಸುಳ್ಳು ಭಾವ, ಎಂದೆ. ಅವರು ದಳಗಳ ಮೇಲೆ ಕೂತಿದ್ದ ಮಸಿಯನ್ನು ಒದ್ದೆ ಕರ್ಚೀಫಿನ ತುದಿಯಿಂದ ಒರೆಸುತ್ತಿದ್ದರು.

"ಅವಳು ಮಾತಿಗೆ ತಪ್ಪುವವಳಲ್ಲ ಮಾರಾಯ. ಬಂದೇ ಬಿಡ್ತಾಳೆ. ಈ ಹೊಗೆಗೆ?"

ನಾನು ಕಾಗದವನ್ನು ಅಂಟಿಸಿ ಅಂಚೆಗೆ ಹಾಕಿ ಬಂದೆ.