ಮಾಮಾ ಎಣಿಸದ ರಕ್ತ

ನಮ್ಮ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ರಕ್ತ ಮಾತ್ರ ನೆನಪಿರುತ್ತದೆ! ಹಳಿಯಾಳದಲ್ಲಿ ಅವನದೊಂದು ಪುಟ್ಟ ರಕ್ತ ತಪಾಸಣೆಯ ಲ್ಯಾಬು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಮಳಗಿ ಊರಿನ ಹಿರಿಯರೊಬ್ಬರು ಎದುರಾಗಿ, "ಆರಾಮ್ರೀ ಸರ?" ಎಂದು ಕೈಮುಗಿದರು. ಮಾಮಾ ಪಿಳಿಪಿಳಿ ಕಣ್ಣು ಬಿಟ್ಟ. ಅವರು ಹೆಸರು ಹೇಳಿದರು, ಊರು ಹೇಳಿದರು, ಇಬ್ಬರೂ ಒಂದೇ ಬಸ್ಸಿನಲ್ಲಿ ಉಳವಿಗೆ ಹೋದದ್ದನ್ನು ಹೇಳಿದರು. ಊಹುಂ. ಕೊನೆಗೆ ಬೇಸತ್ತು, "ನನಗ ಶುಗರ್ ಐತಿ ಅಂತ ನೀವ ಹೇಳಿದ್ರಲ್ರೀ" ಎಂದದ್ದೇ ತಡ, ಮಾಮಾನ ಮುಖ ಅರಳಿತು. "ಮುನ್ನೂರಾ ಹನ್ನೆರಡು ಅಂತ ಮೊದಲ ಹೇಳಬಾರದೇನ್ರೀ" ಎನ್ನುತ್ತ ಅವರನ್ನು ಅಪ್ಪಿಕೊಂಡ.

ಪ್ಲೇಟ್‌ಲೆಟ್ ಎಣಿಸಲು ಕುಳಿತನೆಂದರಂತೂ ಮುಗಿಯಿತು. ಹಳಿಯಾಳದ ಮಟ್ಟಿಗೆ ಯಂತ್ರ ಎಣಿಸುವ ಕಾಲ ಅದಲ್ಲ. ಗೆರೆ ಕೊರೆದ ಗಾಜಿನ ಮೇಲೆ ಹನಿ ಬಿಟ್ಟು, ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ, ಚೌಕದಲ್ಲಿ ಕಂಡ ಒಂದೊಂದು ಕಣಕ್ಕೂ ಎಡಗೈಯಲ್ಲಿದ್ದ ಕೌಂಟರಿನ ಗುಂಡಿ ಒತ್ತುತ್ತಿದ್ದ. ಟಕ್, ಟಕ್, ಟಕ್. ನಡುವೆ ಯಾರಾದರೂ ಕೆಮ್ಮಿದರೆ ಮತ್ತೆ ಮೊದಲಿನಿಂದ. ಒಂದು ದಿನ ಯಾರದೋ ಎಮ್ಮೆ ಬಾಗಿಲಿನಿಂದ ಅರ್ಧ ಒಳಗೆ ಬಂದು ಬುಸ್ಸೆಂದು ಉಸಿರು ಬಿಟ್ಟಿತು. ಮಾಮಾ ಕಣ್ಣು ಕೀಳದೆ, "ಕುಂದರ್ರಿ, ಐದ ಮಿನಿಟ" ಎಂದ. ಎಮ್ಮೆ ಕಾದಿತ್ತು ಎಂದು ಅತ್ತೆ ಇವತ್ತಿಗೂ ಆಣೆ ಮಾಡಿ ಹೇಳುತ್ತಾಳೆ.

ಕಂಡದ್ದನ್ನು ಕಂಡಷ್ಟೇ ಬರೆಯುವ ಆಸಾಮಿ. ಲ್ಯಾಬು ಇದ್ದ ಕಟ್ಟಡದ ಮಾಲೀಕರು ಮಗಳಿಗೆ ಗಂಡು ನೋಡುತ್ತಿದ್ದಾಗ, "ಹಿಮೋಗ್ಲೋಬಿನ್ ಒಂದೀಟು ಏರಿಸಿ ಬರೀರಿ, ಏನಾಕ್ಕೈತಿ" ಎಂದು ಕೇಳಿದರು. "ಪಾಲಕ್ ತಿನ್ನಸ್ರಿ, ತಾನ ಏರತೈತಿ" ಎಂದ ಮಾಮಾ. ಮರುವಾರವೇ ಲ್ಯಾಬು ಬೇರೆ ಓಣಿಗೆ ಹೋಯಿತು.

ನಾನು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಪಾಳಿ ಕೆಲಸದವನು. ಒಮ್ಮೆ ರಕ್ತ ಕೊಡಲು ಹೋದಾಗ ನನಗೆ ಹೆಪಟೈಟಿಸ್ ಬಿ ಇರುವುದು ಗೊತ್ತಾಯಿತು. ವರ್ಷಗಳಿಂದ ಸದ್ದಿಲ್ಲದೆ ಒಳಗೇ ಕುಳಿತಿತ್ತಂತೆ! ಯಕೃತ್ತು ಗಾಯದ ಕಲೆಗಟ್ಟಿ ಗಡುಸಾಗುತ್ತಿದೆಯೋ ಹೇಗೆ ಎಂದು ನೋಡಬೇಕು ಎಂದರು ಹುಬ್ಬಳ್ಳಿಯ ಡಾಕ್ಟರು. ಪಕ್ಕೆಗೆ ಸೂಜಿ ಚುಚ್ಚಿ ಯಕೃತ್ತಿನ ಚೂರು ತೆಗೆಯುವುದು ಒಂದು ದಾರಿ. ಅದಕ್ಕೂ ಮೊದಲು ರಕ್ತವನ್ನೇ ಕೇಳಿ ನೋಡುವುದು ಇನ್ನೊಂದು. ರಕ್ತದಲ್ಲಿ ಎಸ್‌ಜಿಒಟಿ ಎಂಬ ಯಕೃತ್ತಿನ ಕಿಣ್ವ ಏರುತ್ತ, ಪ್ಲೇಟ್‌ಲೆಟ್ ಇಳಿಯುತ್ತ ಹೋದರೆ ಕಲೆ ಬಲಿಯುತ್ತಿದೆಯೆಂದು ಅನುಮಾನ. ಆರು ತಿಂಗಳಿಗೊಮ್ಮೆ ಮಾಮಾನ ಲ್ಯಾಬಿನಲ್ಲೇ ತಪಾಸಣೆ. ಆಗ ನನ್ನ ಮಗಳಿಗೆ ಎರಡು ವರ್ಷ. ಅವಳನ್ನು ಎತ್ತಿಕೊಂಡಾಗೆಲ್ಲ ನನಗೆ ಭಯವಾಗುತ್ತಿತ್ತು.

"ಲಿವರ್ ಭಾಳ ಮರ್ಯಾದಸ್ತ, ತಮ್ಮಾ. ಅರ್ಧ ಹಾಳಾದ್ರೂ ಹಾ ಅನ್ನಂಗಿಲ್ಲ. ಅದರ ಸಂಕಟ ಈ ಸಣ್ಣವು ಬಂದು ಹೇಳತಾವು" ಎಂದು ಮಾಮಾ ನನ್ನನ್ನು ಮೈಕ್ರೋಸ್ಕೋಪಿಗೆ ಬಗ್ಗಿಸಿದ. ರವೆಗಿಂತ ಸಣ್ಣ ಚುಕ್ಕೆಗಳು ಮಿಣಿಮಿಣಿ ಹೊಳೆಯುತ್ತಿದ್ದವು. ನನ್ನೊಳಗಿನವು! ಯಾರೂ ಕಾಣದ ಕಲೆಯನ್ನು ಇಷ್ಟು ಸಣ್ಣ ಸಾಕ್ಷಿಗಳಿಂದ ಹಿಡಿಯುತ್ತಾರಲ್ಲ, ಇವರೆಲ್ಲ ಯಾವ ಲೋಕದವರು? ನಾನು ಬೆರಗಾಗಿ, ನನ್ನ ರೋಗವನ್ನೇ ಮರೆತು ನೋಡುತ್ತ ನಿಂತೆ.

ಮೂರನೆಯ ತಪಾಸಣೆಯಲ್ಲಿ ಪ್ಲೇಟ್‌ಲೆಟ್ ಕೊಂಚ ಇಳಿದಿತ್ತು. ಇನ್ನೊಮ್ಮೆ ಇಳಿದರೆ ಸೂಜಿ ಎಂದರು ಡಾಕ್ಟರು. ನಾಲ್ಕನೆಯ ಸಲ ನಾನು ತೋಳು ಚಾಚಿ ಕುಳಿತರೆ ಮಾಮಾ, "ನಿಂದು ನಾ ಎಣಸಂಗಿಲ್ಲ. ಹುಬ್ಬಳ್ಳಿಗೆ ಹೋಗೂಣು, ನಡಿ" ಎಂದ.

"ಯಾಕ ಮಾಮಾ?"

ಮಾಮಾ ಲ್ಯಾಬಿಗೆ ಬೀಗ ಜಡಿದು ಬಸ್ಸಿನ ಕಡೆ ನಡೆದ. ನನ್ನ ರೋಗಕ್ಕೆ ಹೆದರಿದನೇ? ನೋಡಬಾರದ್ದೇನನ್ನೋ ನೋಡಿ ಮುಚ್ಚಿಡುತ್ತಿದ್ದಾನೆಯೇ? ಧಾರವಾಡ ದಾಟುವವರೆಗೂ ನಾನು ಅವನ ಪಕ್ಕ ಬಿಟ್ಟು ಹಿಂದಿನ ಸೀಟಿನಲ್ಲಿ ಕುಳಿತೆ.

ಹುಬ್ಬಳ್ಳಿಯ ದೊಡ್ಡ ಲ್ಯಾಬಿನಲ್ಲಿ ಯಂತ್ರ ಒಂದೇ ನಿಮಿಷದಲ್ಲಿ ಎಣಿಸಿ ಮುಗಿಸಿತು. ಮಾಮಾ ಅದನ್ನು ಹಿಂದಿನಿಂದಲೂ ಮುಂದಿನಿಂದಲೂ ನೋಡಿ, "ಕೆಮ್ಮಿದ್ರ ಏನ ಮಾಡತೈತ್ರಿ ಇದು?" ಎಂದು ಅಲ್ಲಿನ ಹುಡುಗಿಯನ್ನು ವಿಚಾರಿಸಿಕೊಂಡ. ಡಾಕ್ಟರು ರಿಪೋರ್ಟನ್ನು ತಿರುಗಿಸಿ ನೋಡಿದರು. ಪ್ಲೇಟ್‌ಲೆಟ್ ಮತ್ತೆ ಇಳಿದಿಲ್ಲ, ಎಸ್‌ಜಿಒಟಿಯೂ ತಗ್ಗಿದೆ, ಸದ್ಯಕ್ಕೆ ಸೂಜಿ ಬೇಡ ಎಂದರು.

ವಾಪಸು ಬರುವ ಬಸ್ಸಿನಲ್ಲಿ ಮತ್ತೆ ಕೇಳಿದೆ. ಮಾಮಾ ತನ್ನ ಎಡಗೈಯ ಹೆಬ್ಬೆರಳನ್ನೇ ನೋಡುತ್ತ ಕುಳಿತಿದ್ದ.

"ಹೋದ ಸಲ ನಿಂದು ಮೂರು ಸರ್ತಿ ಎಣಿಸಿದ್ನಿ. ಮೂರೂ ಸರ್ತಿ ಬ್ಯಾರೆ ಬ್ಯಾರೆ ಬಂತು. ಮೂವತ್ತು ವರ್ಷದಾಗ ಹಂಗಾಗಿದ್ದಿಲ್ಲ. ಆಮ್ಯಾಲ ತಿಳೀತು. ಚೌಕ ಖಾಲಿ ಇದ್ರೂ, ನಿಂದು ಇಳೀಬಾರದಂತ ಬೆರಳು ತಾನ ಒತ್ತತಿತ್ತು, ತಮ್ಮಾ. ಎಲ್ಲಾಕ್ಕಿಂತ ಕಡಿಮಿ ಬಂದದ್ದನ್ನ ಬರದು ಕೊಟ್ನಿ. ಮತ್ತ ಎಣಸಾಕ ಧೈರ್ಯ ಆಗಲಿಲ್ಲ."

ನಾನು ತುಂಬಿದ ಬಸ್ಸಿನಲ್ಲಿ ಮಕ್ಕಳ ಹಾಗೆ ಅತ್ತುಬಿಟ್ಟೆ. ಕಂಡಕ್ಟರು ಗಾಬರಿಯಿಂದ ಹತ್ತಿರ ಬಂದರು. ಮಾಮಾ ನನ್ನ ಬೆನ್ನ ಮೇಲೆ ಕೈಯಿಟ್ಟು, ತಾನೂ ಕಣ್ಣೊರೆಸಿಕೊಳ್ಳುತ್ತ, "ಏನಿಲ್ರಿ, ರಿಪೋರ್ಟ್ ಚಲೋ ಬಂದೈತಿ" ಎಂದ.