ನಲವತ್ತಮೂರನೇ ನಂಬರಿನ ಸ್ವತ್ತು

ಮೂಕಪ್ರಾಣಿಗೂ ಮಾತಾಡುವ ಪ್ರಾಣಿಗೂ ಒಂದೇ ಉಸಿರು ಹಂಚಿದ ಪರಮಾತ್ಮನಿಗೆ ಮೊದಲ ನಮಸ್ಕಾರ. ಆತನ ಕರುಣೆಯಿಂದ ಒಂದು ಪೇಟೆಯಲ್ಲಿ ಪಶು ಆಸ್ಪತ್ರೆಯಿದೆ. ಆಸ್ಪತ್ರೆಗೊಂದು ಕಚೇರಿಯಿದೆ. ಕಚೇರಿಯನ್ನು ದಾಟದೆ ಆಸ್ಪತ್ರೆಗೆ ದಾರಿಯಿಲ್ಲ.

ಒಂದು ಸೋಮವಾರ ಕೊಡೆ ರಿಪೇರಿಯವ ಸೋಮಾರಿ ಎಂಬ ತನ್ನ ನಾಯಿಯನ್ನು ಎತ್ತಿಕೊಂಡು ಅಲ್ಲಿಗೆ ಬಂದ. ಮುಂಗಾಲಿಗೆ ಗಾಜಿನ ಚೂರು ಹೊಕ್ಕು ಪಾದ ಬನ್ನಿನಂತೆ ಊದಿತ್ತು. "ಸಂಜೆಯೊಳಗೆ ಅದು ನಡಕೊಂಡು ಮನೆಗೆ ಬರಬೇಕು. ಇಲ್ಲಾಂದ್ರೆ ನೀವೂ ಬರಬೇಡಿ," ಎಂದು ಹೆಂಡತಿ ಹೇಳಿ ಕಳಿಸಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ತಮಾಷೆಗೆ ಹೇಳುವ ಮಾತು ಯಾವುದೆಂದು ಅವನಿಗಿನ್ನೂ ತಿಳಿದಿರಲಿಲ್ಲ.

ಕಚೇರಿಯ ಕಿಟಕಿಯ ಗಾಜಿನಾಚೆ, ಹತ್ತು ಹೆಜ್ಜೆ ದೂರದಲ್ಲಿ, ಡಾಕ್ಟರು ಚಿಮುಟ ಒರೆಸುತ್ತ ಕೂತಿದ್ದರು. ನಡುವಿನ ಬಾಗಿಲಿಗೆ ಚಿಲಕ ಹಾಕಿತ್ತು.

"ನಿಮಗೆ ಹತ್ತಿರದ ಡಾಕ್ಟರು ಇವರೇ ಅನ್ನೋದಕ್ಕೆ ಪುರಾವೆ?" ಗುಮಾಸ್ತರು ಕೇಳಿದರು.

"ಅಗೋ, ಕಾಣ್ತಿದ್ದಾರಲ್ಲ ಸ್ವಾಮಿ."

"ಕಾಣೋದು ಬೇರೆ, ಹತ್ತಿರ ಇರೋದು ಬೇರೆ. ನಾಯಿ ಮಲಗೋ ಜಾಗದಿಂದ ಅಳೆದು ಬನ್ನಿ."

ಅವನು ನಾಯಿಯನ್ನು ಮೇಜಿನ ಕೆಳಗೆ ಮಲಗಿಸಿ ಮನೆಗೆ ಓಡಿ, ಕೈಗೆ ಸಿಕ್ಕ ಕೊಡೆಯಲ್ಲೇ ಅಳೆಯುತ್ತ ಬಂದ. ಇನ್ನೂರ ಹನ್ನೊಂದು ಕೊಡೆ. ಕೊಡೆ ಕೂಡದೆಂದು ನಿಯಮದಲ್ಲಿ ಇಲ್ಲದ್ದರಿಂದ ಗುಮಾಸ್ತರು ಬರೆದುಕೊಂಡರು. ಆಮೇಲೆ ಗೋಡೆಯ ಫಲಕ ತೋರಿಸಿದರು:

"ಪ್ರಾಣಿಯ ಆಜೀವ ಖರ್ಚಿನ ಯೋಜನೆ ಮಂಜೂರಾಗುವ ತನಕ ಅದನ್ನು ಯಾವ ವೈದ್ಯರೂ ಮುಟ್ಟತಕ್ಕದ್ದಲ್ಲ. ಮುಂದೆ ಬರುವ ಕಾಯಿಲೆ, ಬರುವ ತಾರೀಕು, ತಗಲುವ ವೆಚ್ಚ ಹಾಗೂ ಮರಣದ ದಿನವನ್ನು ಅಂದವಾದ ಅಕ್ಷರದಲ್ಲಿ ತುಂಬತಕ್ಕದ್ದು."

"ಸಾಯೋ ದಿನ ದೇವರಿಗಲ್ವಾ ಗೊತ್ತಿರೋದು?"

"ಅವರ ಸಹಿ ತಂದರೂ ಆಗುತ್ತೆ. ಮೊಹರು ಇರಬೇಕು."

ಅವನು ತಲೆ ಕೆರೆದುಕೊಂಡು ಅರ್ಜಿಯಲ್ಲಿ ಒಂದೇ ಸಾಲು ಬರೆದ: ಇವತ್ತು, ಕಾಲಲ್ಲಿ ಗಾಜು.

ಗುಮಾಸ್ತರು ನಿಟ್ಟುಸಿರು ಬಿಟ್ಟರು. "ಇವತ್ತಿನ ಗಾಯಕ್ಕೆ ಮೂವತ್ತು ದಿನ ಮುಂಚೆ ಅರ್ಜಿ ಹಾಕಬೇಕಿತ್ತಪ್ಪ."

ಅಷ್ಟರಲ್ಲಿ ಸೋಮಾರಿ ಮೇಜಿನ ಕೆಳಗೆ ಕುಂಯ್‌ಗುಟ್ಟಿತು. ಗುಮಾಸ್ತರು ದೇವರಂಥ ಮನುಷ್ಯ, ಕಣ್ಣು ಒದ್ದೆಯಾಯಿತು. ಸುತ್ತಲೂ ನೋಡಿದರು. ಕಚೇರಿಯ ಕುರ್ಚಿ, ಮೇಜು, ಬೀರು ಎಲ್ಲದರ ಮೇಲೂ ಬಿಳಿ ಬಣ್ಣದ ನಂಬರ್ ಇತ್ತು.

"ಕಚೇರಿ ಸ್ವತ್ತಿಗಾದರೆ ಯೋಜನೆ ಬೇಡ," ಎಂದರು ಮೆಲ್ಲಗೆ. "ಕಾಲು ಕೆಟ್ಟರೆ ಅವತ್ತೇ ದುರಸ್ತಿ."

ಹಾಗಾಗಿ ನಲವತ್ತೆರಡನೇ ಬೆಂಚಿನ ಕೆಳಗೆ ದಾಖಲಾಯಿತು: "ನಲವತ್ತಮೂರು. ನಾಯಿ, ಒಂದು. ಕಾಲು ನಾಲ್ಕು, ದುರಸ್ತಿಗೆ ಒಂದು." ಕೊರಳಪಟ್ಟಿಗೆ ನಂಬರ್ ಬಿತ್ತು. ನಿಯಮದಂತೆ ಮೊದಲು ಬಡಗಿ ಬಂದ. ನಾಲ್ಕೂ ಕಾಲು ಮುಟ್ಟಿ ನೋಡಿ, "ಮರದ್ದಲ್ಲ" ಎಂದು ಬರೆದು ಡಾಕ್ಟರಿಗೆ ಶಿಫಾರಸು ಮಾಡಿದ. ಚಿಲಕ ತೆರೆಯಿತು. ಗಾಜು ಅರ್ಧ ನಿಮಿಷದಲ್ಲಿ ಹೊರಬಂತು.

ಕೊಡೆ ರಿಪೇರಿಯವ ಎಲ್ಲರಿಗೂ ಕೈಮುಗಿದು ನಾಯಿಯೊಡನೆ ಹೊರಟ.

"ಎಲ್ಲಿಗೆ?" ಎಂದರು ಗುಮಾಸ್ತರು. "ಸ್ವತ್ತು ಹೊಸ್ತಿಲು ದಾಟೋ ಹಾಗಿಲ್ಲ."

"ಹಾಗಾದರೆ ನಾನೂ ಮನೆಗೆ ಹೋಗೋ ಹಾಗಿಲ್ಲ ಸ್ವಾಮಿ," ಎಂದು ಅವನು ನೆಲದ ಮೇಲೆ ಕೂತ. ಸೋಮಾರಿ ಅವನ ತೊಡೆಯ ಮೇಲೆ ತಲೆಯಿಟ್ಟಿತು. ಗುಮಾಸ್ತರು ಬಹಳ ಹೊತ್ತು ನಿಯಮ ಪುಸ್ತಕ ತಿರುವಿದರು. ಬಿಟ್ಟಗಲದ ಬಿಡಿಭಾಗಗಳನ್ನು ಸ್ವತ್ತಿನ ಜೊತೆಗೇ ದಾಖಲಿಸಬಹುದೆಂದು ಅದರಲ್ಲಿತ್ತು. ಅವನ ಅಂಗಿಯ ಜೇಬಿನ ಮೇಲೆ ಬಿಳಿ ಬಣ್ಣದಲ್ಲಿ "ನಲವತ್ತಮೂರು, ಅ" ಎಂದು ಬರೆದರು.

ಸಂಜೆ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಗಂಡನ ಜೇಬು ನೋಡಿದಳು, ನಾಯಿಯ ಕಾಲು ನೋಡಿದಳು. ಕಾಲು ನೆಟ್ಟಗಿತ್ತು.

"ನಡೆಯುತ್ತಾ?"

"ಬೀರುವಿನ ತನಕ ನಡೆಯುತ್ತೆ ಕಣೇ. ಅಲ್ಲಿಂದಾಚೆಗೆ ಅನುಮತಿ ಬೇಕು."

ಅವಳು ಸೆರಗು ಸರಿಮಾಡಿಕೊಂಡು ಬೆಂಚಿನ ಮೇಲೆ ಕೂತು, ಗುಮಾಸ್ತರ ಕಡೆ ತಿರುಗಿದಳು. "ನನಗೆ ನಂಬರ್ ಯಾವಾಗ ಬರೀತೀರಿ?"

"ಕೂತಿರಮ್ಮ," ಎಂದರು ಅವರು, "ನಿಮ್ಮ ಯಜಮಾನರ ಬಣ್ಣ ಒಣಗಲಿ."

ಇದನ್ನು ಕೇಳಿದ ಎರಡು ಕಾಲಿನವರಿಗೂ ನಾಲ್ಕು ಕಾಲಿನವರಿಗೂ ಭಗವಂತ ಒಳ್ಳೆಯದು ಮಾಡಲಿ. ಅರ್ಜಿ ಮಂಜೂರಾಗುವ ಮೊದಲೇ ನಿಮ್ಮ ಗಾಯಗಳು ಮಾಯಲಿ.