ಆರು ವಾರ ಕಣ್ಣು ಮಿಟುಕಿಸದ ವಿದ್ಯಾರ್ಥಿ

ಹೆಂಡತಿ: ಮೊದಲು ಈ ಫೋಟೊ ತೆಗೀರಿ ಇಲ್ಲಿಂದ. ನಾನು ಬಟ್ಟೆ ಕತ್ತರಿಸಬೇಕು.

ಹೆಡ್ಮಾಸ್ಟರು: ಮುಟ್ಟಬೇಡ ಕಣೇ! ಕ್ಲಾಸಲ್ಲಿದೀನಿ.

ಹೆಂಡತಿ: ಕ್ಲಾಸಲ್ಲಿರೋದು ಫೋಟೊ. ನೀವು ಇಷ್ಟು ಹೊತ್ತೂ ಮಂಚದ ಮೇಲೆ ಗೊರಕೆ ಹೊಡೀತಿದ್ರಿ.

ಬೇಸಿಗೆ ರಜೆಯಲ್ಲಿ, ಆನ್‌ಲೈನಿನಲ್ಲಿ, ದಿನಕ್ಕೆ ನಾಲ್ಕು ಗಂಟೆಯಂತೆ ಆರೇ ವಾರದಲ್ಲಿ ಅರಬ್ಬಿ ಭಾಷೆಯನ್ನು ಗೆದ್ದು ಬರುವೆನೆಂದು ಹೊರಟ ಮಹಾವೀರರು ಇವರು. ಇಪ್ಪತ್ತೆಂಟು ವರ್ಷ ಮಕ್ಕಳ ಕಾಲುಚೀಲಗಳಿಂದ ಕಾಪಿ ಚೀಟಿ ಎಳೆದು ತೆಗೆದ ಕೈ, ಎರಡನೆಯ ದಿನವೇ ಕ್ಯಾಮೆರಾದ ಮುಂದೆ ಬೆತ್ತ ಹಿಡಿದ ತನ್ನದೇ ಫೋಟೊ ನಿಲ್ಲಿಸಿತ್ತು. ನೆಟ್ ಸಿಗುವುದು ಹೆಂಡತಿಯ ಹೊಲಿಗೆ ಕೋಣೆಯಲ್ಲಿ ಮಾತ್ರ; ಆದ್ದರಿಂದ ಪಾಠಶಾಲೆಯೂ ಅದೇ.

ಹೆಡ್ಮಾಸ್ಟರು: ದಿನಾ ನಾಲ್ಕು ಗಂಟೆ ಕೂತು ನೋಡು, ಗೊತ್ತಾಗುತ್ತೆ.

ಹೆಂಡತಿ: ಕೂತಿದ್ದೆನಲ್ಲ, ಮೆಷಿನ್ ಮುಂದೆ! ಇವತ್ತು ಬಾಯಿ ಪರೀಕ್ಷೆಗೂ ಫೋಟೊನೇ ಕೂರಿಸ್ತೀರಾ?

ಹೆಡ್ಮಾಸ್ಟರು: ಖುದ್ದು ಕೂರ್ತೀನಿ. ಫೇಲಾದ್ರೆ ಡ್ರಿಲ್ ಮೇಷ್ಟ್ರ ಹತ್ರ ಕಟ್ಟಿದ ಪಂದ್ಯ ಗೊತ್ತಲ್ಲ? ಶಾಲೆ ಶುರುವಾದ ದಿನ ಎಲ್ಲರೆದುರು ನೂರು ಬಸ್ಕಿ!

ಹೆಂಡತಿ: ಎಷ್ಟು ಮಕ್ಕಳ ಕೈಲಿ ಹೊಡೆಸಿದೀರಿ. ಒಂದು ದಿನ ನೋಡೋ ಭಾಗ್ಯ ಅವಕ್ಕೂ ಬೇಡ್ವಾ?

ಹೆಡ್ಮಾಸ್ಟರು: ಉಪಾಯ ಇದೆ ಕಣೇ. ಉತ್ತರ ಬರದಿದ್ರೆ ಅಲುಗಾಡದೆ ಕೂತುಬಿಡ್ತೀನಿ. ನೆಟ್ ನಿಂತುಹೋಯ್ತು ಅಂದ್ಕೋತಾರೆ.

ಹೆಂಡತಿ: ಅಬ್ಬಬ್ಬಾ, ಏನು ತಲೆ! ಇದರಲ್ಲಿ ಕಾಲುಭಾಗ ಅರಬ್ಬಿಗೆ ಖರ್ಚು ಮಾಡಿದ್ರೆ ಇಷ್ಟು ಹೊತ್ತಿಗೆ ನೀವೇ ಪಾಠ ಹೇಳ್ತಿದ್ರಿ.

ಆಕೆ ಫೋಟೊ ಎತ್ತಿ ಹಿಂದಿನ ಗೋಡೆಗೆ ಒರಗಿಸಿ ಹೊಲಿಗೆ ಮೆಷಿನ್ ಮುಂದೆ ಕೂತರು; ಹೆಡ್ಮಾಸ್ಟರು ಕ್ಯಾಮೆರಾದ ಮುಂದೆ ಕೂತರು. ಪರದೆಯ ಮೇಲೆ ಟೀಚರ್ ಪ್ರತ್ಯಕ್ಷರಾದರು.

ಟೀಚರ್: ಬನ್ನಿ ಸಾರ್! ಆರು ವಾರ ಕಣ್ಣು ಮಿಟುಕಿಸದೆ ಪಾಠ ಕೇಳಿದ್ದು ನೀವೊಬ್ರೇ. ಆ ಬೆತ್ತ ನೋಡಿ ನನಗೇ ಹೆದರಿಕೆ ಆಗ್ತಿತ್ತು. ಸುಲಭದ್ದರಿಂದ ಶುರು ಮಾಡೋಣ. ಒಂದರಿಂದ ಹತ್ತರವರೆಗೆ ಎಣಿಸಿ.

ಹೆಡ್ಮಾಸ್ಟರು ಅರ್ಧ ತೆರೆದ ಬಾಯಿಯಲ್ಲಿ, ಒಂದು ಬೆರಳೆತ್ತಿ, ಶಿಲಾಮೂರ್ತಿಯಾದರು. ಮೂಗಿನ ಮೇಲೆ ನೊಣ ಬಂದು ಕೂತರೂ ವ್ರತ ಕೆಡಲಿಲ್ಲ.

ಟೀಚರ್: ಸಾರ್? ನೆಟ್ ನಿಂತುಹೋಯ್ತಾ?

ಮೂರ್ತಿ ಮಿಸುಕಲಿಲ್ಲ.

ಟೀಚರ್: ವಿಚಿತ್ರ ಸಾರ್. ನೀವು ನಿಂತುಹೋಗಿದೀರಿ, ಹಿಂದೆ ಅಮ್ಮಾವ್ರ ಮೆಷಿನ್ ಮಾತ್ರ ಓಡ್ತಾನೇ ಇದೆ!

ಹೆಡ್ಮಾಸ್ಟರು (ತುಟಿ ಅಲುಗಿಸದೆ): ಲೇ... ನಿಲ್ಲಿಸೇ...

ಹೆಂಡತಿ: ಹೇಗ್ರೀ ನಿಲ್ಸಲಿ? ಸಂಜೆಗೆ ಬಟ್ಟೆ ಕೊಡಬೇಕು.

ಟೀಚರ್: ಓಹೋ, ನಮ್ಮ ಬೆತ್ತದ ವಿದ್ಯಾರ್ಥಿ ಅಲ್ಲಿ ಗೋಡೆಗೆ ಒರಗಿದಾರೆ! ಅವರಿಗೆ ಪೂರ್ತಿ ಹಾಜರಿ. ನೀವು ಫೇಲ್ ಸಾರ್.

ಪರದೆ ಕಪ್ಪಾಯಿತು. ಹೆಡ್ಮಾಸ್ಟರು ಬಹಳ ಹೊತ್ತು ನಿಜವಾಗಿಯೂ ಅಲುಗಾಡಲಿಲ್ಲ. ಆಮೇಲೆ ಎದ್ದು, ಎರಡು ಕಿವಿ ಹಿಡಿದುಕೊಂಡರು.

ಹೆಡ್ಮಾಸ್ಟರು: ಶಾಲೆಗೆ ಇನ್ನು ಹತ್ತೇ ದಿನ. ಅಭ್ಯಾಸ ಮಾಡ್ಕೋಬೇಕು. ಎಣಿಸೇ.

ಹೆಂಡತಿ: ವಾಹಿದ್... ಇಸ್ನಾನ್... ಸಲಾಸ...

ಹೆಡ್ಮಾಸ್ಟರು: ಏನೇ ಅದು? ಬೈತಿದೀಯಾ?

ಹೆಂಡತಿ: ಮೊದಲನೇ ದಿನದ ಪಾಠ ರೀ. ಅವತ್ತು ಫೋಟೊ ಇರಲಿಲ್ಲ, ನೀವೇ ಇದ್ರಿ. ಹೂಂ, ಮಂಡಿ ಪೂರ್ತಿ ಬಗ್ಗಲಿಲ್ಲ. ಮತ್ತೆ ವಾಹಿದ್‌ನಿಂದ!